ಮಾತಾಡಿಸಲು ಬಂದವರು

ನನ್ನ ಗಂಡ ತೀರಿಕೊಂಡ ಮೇಲೆ ನಮ್ಮೂರಿನಲ್ಲಿ ನನ್ನ ಪಾಲಿಗೆ ಬಂದ ದೊಡ್ಡ ಕೆಲಸವೆಂದರೆ ಅಳುವುದು. ಒಬ್ಬಳೇ ಕೂತು ದುಃಖಕ್ಕೆ ಅಳುವ ಅಳುವಲ್ಲ ಅದು. ನಮ್ಮ ವಿಜಯಪುರದ ಕಡೆ ಒಂದು ಮನೆಯಲ್ಲಿ ಸಾವಾದರೆ, ಮಣ್ಣು ಮುಗಿದ ಮೇಲೂ ತಿಂಗಳುಗಟ್ಟಲೆ ಜನ ಬರುತ್ತಲೇ ಇರುತ್ತಾರೆ. ಅದಕ್ಕೆ ಮಾತಾಡಿಸಲು ಬರುವುದು ಎನ್ನುತ್ತಾರೆ. ವಾರ ನೋಡಿಕೊಂಡು, ಅಮಾವಾಸ್ಯೆ ತಪ್ಪಿಸಿ ಬರುತ್ತಾರೆ. ಬಂದ ಹೆಂಗಸು ಹೊಸ್ತಿಲಲ್ಲೇ ಸೆರಗನ್ನು ಬಾಯಿಗೆ ಹಿಡಿದು ದನಿ ತೆಗೆಯುತ್ತಾಳೆ. ಒಳಗಿದ್ದವಳು ಎದ್ದು ಹೋಗಿ ಅವಳ ಕೊರಳಿಗೆ ಬೀಳಬೇಕು. ಇಬ್ಬರೂ ಹಾಡ್ಯಾಡಿಕೊಂಡು ಅಳಬೇಕು, ಅಂದರೆ ಸತ್ತವರನ್ನು ಕರೆಕರೆದು, ಅವರ ಒಂದೊಂದು ಗುಣವನ್ನು ರಾಗವಾಗಿ ಹೇಳಿಕೊಂಡು. ಆಮೇಲೆ ಕಣ್ಣೊರೆಸಿಕೊಂಡು ಕೂತು, ಬಂದವಳು ಕೇಳುತ್ತಾಳೆ: “ಹ್ಯಾಂಗಾತು? ಏನಾಗಿತ್ತು ಅವರಿಗಿ?” ಆಗ ಸಾವಿನ ಕತೆಯನ್ನು ಮೊದಲಿನಿಂದ ಹೇಳಬೇಕು. ಹೇಳಿ ಮುಗಿಯುವಷ್ಟರಲ್ಲಿ ಒಳಗಿನಿಂದ ಚಹಾ ಬರುತ್ತದೆ. ಕುಡಿದು, ಹೋಗಿ ಬರ್ತೀವಿ ಎಂದು ಹೇಳದೆ, ಸುಮ್ಮನೆ ಎದ್ದು ಹೋಗುತ್ತಾರೆ. ಸಾವಿನ ಮನೆಗೆ ಮತ್ತೆ ಬರುತ್ತೇನೆ ಅನ್ನಬಾರದು.

ಇದನ್ನೆಲ್ಲ ನಾನೂ ಬೇರೆಯವರ ಮನೆಗಳಲ್ಲಿ ಸರಿಯಾಗಿಯೇ ಮಾಡಿದವಳು. ಹಾಡ್ಯಾಡಿ ಅಳುವುದರಲ್ಲಿ ನನ್ನ ತಾಯಿಗೆ ಊರಲ್ಲೆಲ್ಲ ಹೆಸರಿತ್ತು. ಅವಳ ಸೆರಗು ಹಿಡಿದುಕೊಂಡೇ ನಾನು ಕಲಿತೆ. ಆದರೆ ನನ್ನ ಮನೆಯ ಪಾಳಿ ಬಂದಾಗ ನನಗೆ ದನಿಯೇ ಏಳಲಿಲ್ಲ. ಬಂದವರ ಕೊರಳಿಗೆ ಬೀಳುತ್ತಿದ್ದೆ, ಅವರು ಅಳುತ್ತಿದ್ದರು, ನಾನು ಅವರ ಬೆನ್ನು ಸವರುತ್ತ ನಿಲ್ಲುತ್ತಿದ್ದೆ. ಸಮಾಧಾನ ಯಾರು ಯಾರಿಗೆ ಮಾಡುತ್ತಿದ್ದಾರೆಂದು ನೋಡುವವರಿಗೆ ತಿಳಿಯುತ್ತಿರಲಿಲ್ಲ. ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಒಬ್ಬಳು ಇನ್ನೊಬ್ಬಳಿಗೆ ಅಂದದ್ದು ಕಿಟಕಿಯಲ್ಲಿ ಕೇಳಿಸಿತು: “ಗಂಡ ಹೋಗ್ಯಾನ, ಕಣ್ಣಾಗ ಒಂದು ಹನಿ ನೀರಿಲ್ಲ ನೋಡ ಅಕೀಗಿ.” ನನಗೆ ಮೈ ಉರಿಯಿತು. ನನ್ನ ಕಣ್ಣೀರಿನ ಲೆಕ್ಕ ಇಡಲು ಇವರು ಯಾರು ಎಂದು ನನ್ನ ಅತ್ತೆಯ ಎದುರಿಗೆ ಕೂಗಾಡಿದೆ. ಅವರು ಮಗನನ್ನು ಕಳೆದುಕೊಂಡವರು, ನನ್ನ ಮುಖ ನೋಡಿ ಎದ್ದು ಒಳಗೆ ಹೋದರು.

ಹೇಳುತ್ತಿದ್ದ ಕತೆಯೂ ನನಗೆ ಸಾಕಾಗಿತ್ತು. ಮಧ್ಯಾಹ್ನ ಊಟ ಮಾಡಿ ಪಡಸಾಲೆಯಲ್ಲಿ ಕೂತಿದ್ದರು, ಎದೆ ಹಿಡಿದುಕೊಂಡರು, ಎದುರುಮನೆಯವರು ಬಂದು ಆಟೋದಲ್ಲಿ ಹಾಕಿಕೊಂಡು ಹೋದರು, ಆಸ್ಪತ್ರೆ ಮುಟ್ಟುವ ಮುಂಚೆಯೇ ಮುಗಿದಿತ್ತು. ಇಷ್ಟೇ ಕತೆ. ನಾನಾಗ ಮನೆಯಲ್ಲಿರಲಿಲ್ಲ. ಒಂದು ಮದುವೆ ಮನೆಗೆ ಹೊಲಿದ ಕುಪ್ಪಸಗಳನ್ನು ಕೊಡಲು ಹೋಗಿದ್ದೆ, ತೋಳು ಬಿಗಿಯಾಯಿತೆಂದು ಅಲ್ಲೇ ಕೂರಿಸಿ ಬಿಚ್ಚಿ ಹೊಲಿಸಿದರು. ಮನೆಯಲ್ಲಿ ಮಗಳಿದ್ದಳು. ನಾನು ಎದುರುಮನೆಯವರಿಂದ ಕೇಳಿದ್ದನ್ನೇ ಬಂದವರಿಗೆಲ್ಲ ಹೇಳುತ್ತಿದ್ದೆ. ಹೇಳಿ ಹೇಳಿ ಅದು ನನ್ನ ಗಂಡನ ಸಾವೋ, ಬೇರೆ ಯಾರದೋ ಸಾವೋ ಎನ್ನುವ ಹಾಗೆ ಸಪ್ಪೆಯಾಯಿತು.

ನನ್ನ ತಮ್ಮ ಪುಣೆಯ ಪಕ್ಕದ ಪಿಂಪ್ರಿ-ಚಿಂಚವಾಡದಲ್ಲಿ ಬಹಳ ವರ್ಷಗಳಿಂದ ಒಂದು ಕಾರ್ಖಾನೆಯಲ್ಲಿದ್ದಾನೆ. “ಅಕ್ಕಾ, ನೀ ಇಲ್ಲಿ ಬಂದು ಬಿಡು. ನಿನಗ ಹೊಲಿಗಿ ಬರ್ತದ, ಇಲ್ಲಿ ಗಾಡಿ ಸೀಟಿನ ಕವರ್ ಹೊಲಿಯೂ ಕಂಪನ್ಯಾಗ ಹೆಣ್ಮಕ್ಕಳನ್ನ ತಗೋತಾರ” ಅಂದ. ಆಮೇಲೆ, “ಇಲ್ಲಿ ಯಾರೂ ಏನೂ ಕೇಳಂಗಿಲ್ಲ” ಅಂದ. ಆ ಒಂದು ಮಾತಿಗೆ ನಾನು ಹೂಂ ಎಂದೆ. ಅತ್ತೆ ಕಿರಿಮಗನ ಮನೆಗೆ ಹೋದರು. ಮಗಳು ಹತ್ತನೇ ತರಗತಿ ಮುಗಿಸಿದ್ದಳು. ಅವಳನ್ನು ನಾನು ಕೇಳಲಿಲ್ಲ, ಹೋಗುವುದೆಂದು ಹೇಳಿದೆ. ಅವಳು ತನ್ನ ಬಟ್ಟೆಗಳನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ರೈಲಿನಲ್ಲಿ ಸೋಲಾಪುರ ದಾಟಿದ ಮೇಲೆ ನನಗೆ ನಿಜವಾಗಿಯೂ ಎದೆ ಹಗುರಾಯಿತು, ಹೇಳಲು ಸಂಕೋಚವೇನಿಲ್ಲ. ನನ್ನ ಮುಖ ನೋಡಿ ಅಯ್ಯೋ ಅನ್ನುವವರು ಹಿಂದೆ ಉಳಿದರು ಅನ್ನಿಸಿತು. ದೌಂಡ ಸ್ಟೇಷನ್ನಿನಲ್ಲಿ ಚಹಾ ಕುಡಿದೆವು. ಪಕ್ಕದ ಸೀಟಿನ ಹೆಂಗಸು ಮರಾಠಿಯಲ್ಲಿ ಎಲ್ಲಿಗೆ ಹೋಗುತ್ತಿದ್ದೀರಿ ಎಂದಷ್ಟೇ ಕೇಳಿ ತನ್ನ ಮೊಬೈಲಿನಲ್ಲಿ ಮುಳುಗಿದಳು. ಇಂಥ ಜನ ನನಗೆ ಬೇಕಾಗಿತ್ತು.

ತಮ್ಮ ಹುಡುಕಿಕೊಟ್ಟ ಮನೆ ಮೂರನೇ ಮಹಡಿಯಲ್ಲಿತ್ತು, ಒಂದು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಹಾಕಲು ಜಾಳಿಗೆ ಹೊಡೆದ ಬಾಲ್ಕನಿ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಎಂದು ಮಾಲೀಕರು ಮೊದಲೇ ಹೇಳಿದ್ದರು. ಮಗಳು ಅಪ್ಪನ ಫೋಟೋ ಕೈಯಲ್ಲಿ ಹಿಡಿದುಕೊಂಡು ಗೋಡೆಗಳನ್ನು ನೋಡುತ್ತ ನಿಂತಳು. “ಮೊಳಿ ಹೊಡ್ಯೂ ಹಂಗಿಲ್ಲವಾ, ಟ್ರಂಕಿನ್ಯಾಗ ಇಡು” ಅಂದೆ. ಮೊಳೆ ಇಲ್ಲದಿದ್ದರೆ ಶೆಲ್ಫಿನ ಮೇಲೆ ಒರಗಿಸಿ ಇಡಬಹುದಿತ್ತು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳು ಫೋಟೋವನ್ನು ಅಪ್ಪನದೇ ಒಂದು ಲುಂಗಿಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು.

ಕಾರ್ಖಾನೆಯಲ್ಲಿ ನಾವೆಲ್ಲ ಹೆಂಗಸರು ಒಂದೇ ಬಣ್ಣದ ಕೋಟು ಹಾಕಿ, ಕೂದಲನ್ನು ಟೋಪಿಯೊಳಗೆ ಸೇರಿಸಿ, ಸಾಲಾಗಿ ಮಷೀನಿನ ಮುಂದೆ ಕೂರುತ್ತಿದ್ದೆವು. ಸೂಜಿಗೆ ಸಿಕ್ಕೀತೆಂದು ಅಲ್ಲಿ ಯಾರಿಗೂ ಬಳೆ ಹಾಕಲು ಬಿಡುತ್ತಿರಲಿಲ್ಲ. ಬೋಳು ಕೈ ನೋಡಿ ಯಾರು ಎಂಥವರೆಂದು ಹೇಳುವುದು ಸಾಧ್ಯವೇ ಇರಲಿಲ್ಲ. ಊರಿನಲ್ಲಿ ನಾನು ಖಣದ ಕುಪ್ಪಸಕ್ಕೆ ಹೆಸರಾದವಳು. ಅಳತೆ ತೆಗೆದು, ಕತ್ತರಿಸಿ, ಹೊಲಿದು, ಕೊಕ್ಕೆ ಹಚ್ಚಿ ಕೊಡುವವರೆಗೂ ಒಂದೇ ಕೈ. ಇಲ್ಲಿ ಸೀಟಿನ ಎಡಬದಿಯ ಒಂದು ತುಂಡಿಗೆ ಒಂದು ಹೊಲಿಗೆ ಹಾಕಿ ಮುಂದೆ ತಳ್ಳಬೇಕು. ದಪ್ಪ ರೆಕ್ಸಿನ್, ಕುದುರೆಯ ಹಾಗೆ ಓಡುವ ಮಷೀನು. ಮೊದಲ ವಾರ ಹೆಬ್ಬೆರಳಿನ ಉಗುರು ನೀಲಿಯಾಯಿತು. ಪೂರಾ ಸೀಟು ಹೇಗಿರುತ್ತದೆಂದು ನಾನು ಇಂದಿಗೂ ನೋಡಿಲ್ಲ. ಆದರೂ ಆ ಕೆಲಸ ನನಗೆ ಹಿಡಿಸಿತು. ಮಷೀನಿನ ಸದ್ದಿನಲ್ಲಿ ತಲೆಯೊಳಗೆ ಬೇರೆ ಮಾತು ಹುಟ್ಟುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚಿದಾಗ ನನ್ನ ಜೋಳದ ರೊಟ್ಟಿಗೆ ಗಿರಾಕಿಗಳು ಹೆಚ್ಚು. ಮನೆಯಲ್ಲಿ ಯಾರ‍್ಯಾರಿದ್ದಾರೆ ಎಂದರೆ ಮಗಳಿದ್ದಾಳೆ ಎನ್ನುತ್ತಿದ್ದೆ. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಮುಗಿಯದೆ ಉಳಿದದ್ದು ಮಗಳ ಮೌನ. ಪುಣೆಗೆ ಬಂದ ಮೇಲೆ ಅವಳು ನನ್ನ ಜೊತೆ ಮಾತು ಕಡಿಮೆ ಮಾಡುತ್ತ ಬಂದಳು. ಜಗಳವಿಲ್ಲ, ಸಿಟ್ಟಿಲ್ಲ. ಹೇಳಿದ ಕೆಲಸ ಮಾಡುತ್ತಿದ್ದಳು. ನಾನು ಪಾಳಿ ಮುಗಿಸಿ ಬರುವಷ್ಟರಲ್ಲಿ ಅನ್ನ ಮಾಡಿ ಕುಕ್ಕರು ಇಳಿಸಿರುತ್ತಿದ್ದಳು. ಕಾಲೇಜು ಹೇಗಿದೆ ಎಂದರೆ ಚಲೋ ಅದ. ಮರಾಠಿ ಹುಡುಗಿಯರ ಜೊತೆ ಹೊಂದಿಕೆಯಾಯಿತೇ ಎಂದರೆ ಹೂಂ. ಊರಿನಲ್ಲಿ ಇದೇ ಹುಡುಗಿ ಅಪ್ಪ ಕಚೇರಿಯಿಂದ ಬಂದ ಕೂಡಲೇ ಅವರ ಸೈಕಲ್ಲಿನ ಹಿಂದೆಯೇ ಒಳಗೆ ಬಂದು, ಅವರು ಕೈಕಾಲು ತೊಳೆದುಕೊಳ್ಳುವವರೆಗೂ ಬಿಡದೆ ವಟವಟ ಮಾತಾಡುತ್ತಿದ್ದಳು. ಅವರೂ ಮಾತಿನ ಮನುಷ್ಯರು. ಇಬ್ಬರೂ ಸೇರಿ ನನ್ನ ಅಡುಗೆಗೆ ಹೆಸರಿಡುವುದು, ನನ್ನ ಹೊಲಿಗೆಯ ಗಿರಾಕಿಗಳ ನಡಿಗೆ ಅಣಕಿಸುವುದು, ನಾನು ಲಟ್ಟಣಿಗೆ ಹಿಡಿದುಕೊಂಡು ಬೈಯುವುದು. ಆ ಮನೆಯ ಗದ್ದಲ ನೆನೆಸಿಕೊಂಡರೆ ಈ ಕೋಣೆ ಗವ್ವೆನ್ನುತ್ತಿತ್ತು.

ಅವಳ ಮನಸ್ಸಿನಲ್ಲಿ ಏನಿದೆಯೆಂದು ನಾನು ನನ್ನಷ್ಟಕ್ಕೆ ತಿಳಿದುಕೊಂಡಿದ್ದೆ. ಅಪ್ಪನಿಗಾಗಿ ಅವ್ವ ಅಳಲಿಲ್ಲ, ಅವನ ಊರು ಬಿಡಿಸಿದಳು, ಅವನ ಫೋಟೋವನ್ನೂ ಮುಚ್ಚಿಟ್ಟಳು. ಇದನ್ನೇ ಅವಳು ನುಂಗಿಕೊಂಡು ಕೂತಿದ್ದಾಳೆ ಅನ್ನಿಸುತ್ತಿತ್ತು. ಕೇಳುವ ಧೈರ್ಯ ನನಗಿರಲಿಲ್ಲ. ಕೇಳಿದರೆ ಹೌದು ಅಂದುಬಿಟ್ಟಾಳು. ಗಂಡ ಹೋದ, ಇನ್ನು ಇವಳೂ ಒಂದೇ ಸೂರಿನ ಕೆಳಗಿದ್ದುಕೊಂಡೇ ನನ್ನ ಕೈ ಬಿಟ್ಟು ಹೋಗುತ್ತಾಳೆ ಎಂಬ ಹೆದರಿಕೆ ನನ್ನನ್ನು ತಿನ್ನತೊಡಗಿತು. ಬೇರೆ ಯಾವ ಕಷ್ಟಕ್ಕೂ ನಾನು ಅಷ್ಟು ಹೆದರಲಿಲ್ಲ.

ಯಾರೂ ಏನೂ ಕೇಳದ ಊರಿನ ರುಚಿಯೂ ಹೀಗೆ ನಿಧಾನಕ್ಕೆ ಕೆಡುತ್ತ ಬಂತು. ದೀಪಾವಳಿ ಬಂತು. ವರ್ಷ ತುಂಬದ ಮನೆಯಲ್ಲಿ ಹಬ್ಬವಿಲ್ಲ, ನಾವು ಕರಿದದ್ದು ಮಾಡಲಿಲ್ಲ. ಊರಿನಲ್ಲಾಗಿದ್ದರೆ ಬಳಗದವರು ಡಬ್ಬಿ ತುಂಬ ತಂದುಕೊಟ್ಟು, ತಿನ್ನಿಸಿ, ಅತ್ತು, ಅಳಿಸಿ ಹೋಗುತ್ತಿದ್ದರು. ಇಲ್ಲಿ ಮಹಡಿಯ ಎಲ್ಲ ಬಾಗಿಲುಗಳ ಮುಂದೆ ರಂಗೋಲಿ, ಹಣತೆ. ನಮ್ಮ ಬಾಗಿಲ ಮುಂದೆ ಏಕಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಮರುದಿನ ಎದುರು ಬಾಗಿಲಿನವರು ತಟ್ಟೆಯಲ್ಲಿ ಚಕಲಿ, ಕರಂಜಿ ಕೊಟ್ಟು, ನಕ್ಕು, “ಹ್ಯಾಪಿ ದಿವಾಳಿ” ಎಂದು ಹೋದರು. ಕರಂಜಿ ಎಂದರೆ ನಮ್ಮ ಕರಿಗಡಬೇ. ನಾನು ಒಂದನ್ನು ಮುರಿದು ಬಾಯಿಗಿಟ್ಟುಕೊಂಡೆ, ಉಳಿದರ್ಧವನ್ನು ತಟ್ಟೆಗೇ ಇಟ್ಟೆ. ನಮ್ಮ ಮನೆಯಲ್ಲಿ ಸಾವಾಗಿದೆ ಎಂದು ಕೂಗಿ ಹೇಳಬೇಕು ಅನ್ನಿಸಿತು. ಊರಿನಲ್ಲಿ ಬಂದವರೆಲ್ಲ ಕೇಳುತ್ತಾರೆಂದು ಸಿಟ್ಟು, ಇಲ್ಲಿ ಯಾರೂ ಕೇಳುವುದಿಲ್ಲವೆಂದು ಸಿಟ್ಟು. ನನ್ನಂಥವಳನ್ನು ಏನು ಮಾಡಬೇಕು ಹೇಳಿ.

ಆ ಎದುರು ಬಾಗಿಲಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಮಗ, ಸೊಸೆ ಇಬ್ಬರೂ ಆಫೀಸಿಗೆ ಹೋಗುವವರು. ಅಜ್ಜಿ ಸಂಜೆ ಕೆಳಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ನಾನು ಕೆಲಸದಿಂದ ಬರುವಾಗ, “ಆಲೀಸ ಕಾ?” ಎಂದು ಕೇಳುತ್ತಿದ್ದರು, ಬಂದೆಯಾ ಎಂದು. ಹೂಂ ಆಜೀ ಎನ್ನುತ್ತಿದ್ದೆ. ನಮ್ಮಿಬ್ಬರ ಪರಿಚಯ ಅಷ್ಟೇ. ಆದರೆ ಆ ಊರಿನಲ್ಲಿ ನಾನು ಮನೆಗೆ ಬಂದದ್ದನ್ನು ಗಮನಿಸುತ್ತಿದ್ದ ಜೀವ ಅದೊಂದೇ ಆಗಿತ್ತು.

ಚಳಿ ಶುರುವಾದಾಗ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದರು. ಒಂದು ದಿನ ನಾನು ಪಾಳಿ ಮುಗಿಸಿ ಬಂದಾಗ ವಾಚ್‌ಮನ್, “ಆಜೀ ಗೇಲ್ಯಾ” ಅಂದ. ಬೆಳಿಗ್ಗೆ ತೀರಿಕೊಂಡಿದ್ದರು, ಮಧ್ಯಾಹ್ನದೊಳಗೆ ದಹನವೂ ಆಗಿತ್ತು. ಮೇಲೆ ಬಂದು ನೋಡಿದರೆ ಬಾಗಿಲು ಮುಂದಕ್ಕೆ ಮಾಡಿತ್ತು, ಒಳಗೆ ಸದ್ದಿಲ್ಲ. ಸಾವಾದ ಮನೆ ಇಷ್ಟು ಸುಮ್ಮನಿರುವುದನ್ನು ನಾನು ಕಂಡಿರಲಿಲ್ಲ. ಒಂದು ಹೆಣ್ಣು ದನಿಯೂ ಏಳದೆ ಆ ಮುದುಕಿ ಹೋಗಿಬಿಟ್ಟರಲ್ಲ ಅನ್ನಿಸಿತು.

ಮರುದಿನ ನನಗೆ ರಜೆ. ಬೆಳಿಗ್ಗೆ ತಲೆಯ ಮೇಲೆ ಸೆರಗು ಹೊದ್ದು ಎದುರು ಮನೆಗೆ ಹೊರಟೆ. ಮಗಳು ಕಾಲೇಜಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಳು. “ಎಲ್ಲಿಗವ್ವಾ?” ಅಂದಳು. “ಮಾತಾಡ್ಸಿ ಬರ್ತೀನಿ” ಅಂದೆ. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡಿದಳು.

ನಾನು ಯೋಚಿಸಿ ಮಾಡಿದ್ದಲ್ಲ. ಬಾಗಿಲು ತೆರೆದೇ ಇತ್ತು. ಹೊಸ್ತಿಲ ಮೇಲೆ ಕಾಲಿಟ್ಟ ಕೂಡಲೇ, ನನ್ನ ತಾಯಿ ಕಲಿಸಿದ ಹಾಗೆ, ಸೆರಗು ಬಾಯಿಗೆ ಬಂತು, ದನಿ ಎದ್ದಿತು. “ಯವ್ವಾ, ನನ್ನವ್ವಾ, ಬಂದೇನ ಅಂತ ಇನ್ನ ಯಾರು ಕೇಳ್ತಾರ ನನ್ನವ್ವಾ” ಎಂದು ಮೇಲಿನ ಸ್ವರದಲ್ಲಿ ಶುರು ಮಾಡಿದೆ. ಒಳಗೆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಹತ್ತಾರು ಜನ ಕೈಕಟ್ಟಿ ಕೂತಿದ್ದರು. ಮೇಜಿನ ಮೇಲೆ ಅಜ್ಜಿಯ ಫೋಟೋ, ಹಾರ, ಊದಿನಕಡ್ಡಿ. ಯಾರೋ ಪಿಸುದನಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದರು. ಎಲ್ಲರೂ ಬೆಚ್ಚಿ ಎದ್ದು ನಿಂತರು. ನಾನು ನೆಟ್ಟಗೆ ಹೋಗಿ ಸೊಸೆಯ ಕೊರಳಿಗೆ ಬಿದ್ದೆ. ಆ ಹೆಂಗಸಿನ ಮೈ ಮರದ ಹಲಗೆಯ ಹಾಗೆ ಬಿಗಿಯಾಯಿತು. ಅವರ ಎರಡೂ ಕೈ ಗಾಳಿಯಲ್ಲೇ ನಿಂತವು, ನನ್ನನ್ನು ಹಿಡಿಯಲೂ ಇಲ್ಲ, ತಳ್ಳಲೂ ಇಲ್ಲ.

ಆಗಲೇ ತಪ್ಪಿತೆಂದು ತಿಳಿಯಿತು. ಇಲ್ಲಿ ಹೀಗೆ ಅಳುವುದಿಲ್ಲ, ನಿಲ್ಲಿಸಬೇಕು ಎಂದುಕೊಂಡೆ. ಆದರೆ ಬಂದ ದನಿ ಹೋಗಲಿಲ್ಲ. ಮೂಲೆಯಲ್ಲಿ ನೆಲದ ಮೇಲೆ ಕೂತಿದ್ದ ಒಬ್ಬ ಹಳ್ಳಿಯ ಮುದುಕಿ, ತೀರಿಕೊಂಡ ಅಜ್ಜಿಯ ತಂಗಿಯಂತೆ, ಭೋರ್ ಕಡೆಯ ಯಾವುದೋ ಹಳ್ಳಿಯಿಂದ ಬಂದಿದ್ದವರು, ಗೋಡೆ ಹಿಡಿದು ಎದ್ದು ಬಂದು ನನ್ನನ್ನು ಅಪ್ಪಿಕೊಂಡರು. ಅವರಿಗೂ ಅಲ್ಲಿಯವರೆಗೆ ಜೊತೆ ಸಿಕ್ಕಿರಲಿಲ್ಲ ಎಂದು ಕಾಣುತ್ತದೆ. ಅವರು ಮರಾಠಿಯಲ್ಲಿ ತಮ್ಮ ಅಕ್ಕನನ್ನು ಕರೆದು ಅಳತೊಡಗಿದರು. ನಾನು ಕನ್ನಡದಲ್ಲಿ. ರಾಗ ಮಾತ್ರ ಹೆಚ್ಚು ಕಡಿಮೆ ಒಂದೇ. ಮುದುಕಿಯ ತೋಳು ಬಿಗಿಯಾದಾಗ ನನ್ನೊಳಗೆ ಏನೋ ಸಡಿಲಿತು. ಅಜ್ಜಿಯನ್ನು ಕರೆಯುತ್ತಿದ್ದವಳು ಯಾವಾಗ ನನ್ನ ಗಂಡನನ್ನು ಕರೆಯತೊಡಗಿದೆನೋ ನನಗೆ ತಿಳಿಯಲಿಲ್ಲ. “ಒಂದು ತೋಳು ಬಿಚ್ಚಿ ಹೊಲದು ಬರೂತನಾ ತಡೀಲಿಲ್ಲಲ್ರೀ, ನಾ ಬಾಗಲಕ ಬರೂತನಾ ತಡೀಲಿಲ್ಲಲ್ರೀ, ಹೇಳದ ಹೋದ್ರಲ್ರೀ ನನ್ನ ರಾಜಾ.” ಊರಿನಲ್ಲಿ ಅಷ್ಟು ಜನರ ಮುಂದೆ ಬಾರದ ಮಾತುಗಳು ಒಂದರ ಹಿಂದೆ ಒಂದು ಬಂದವು. ಅಲ್ಲಿದ್ದವರಿಗೆ ನನ್ನ ಮಾತು ತಿಳಿಯುತ್ತಿರಲಿಲ್ಲ, ಅದಕ್ಕೇ ಬಂದವೋ ಏನೋ.

ಮನೆಯ ಮಗ ನೀರಿನ ಗ್ಲಾಸು ಹಿಡಿದುಕೊಂಡು, “ಕಾಕೂ, ಪಾಣೀ ಘ್ಯಾ” ಎಂದು ಕಂಗಾಲಾಗಿ ನಿಂತಿದ್ದ. ಯಾರೋ, ಇವರು ಯಾರು ಎಂದು ಕೇಳಿದರು. ಆಗ ನನ್ನ ಹಿಂದಿನಿಂದ ಒಂದು ದನಿ ಬಂತು. “ಮಾಝೀ ಆಯೀ ಆಹೇ. ಮಾಝೇ ವಡೀಲ ವಾರಲೇ. ಅಜೂನ ವರ್ಷ ಝಾಲಂ ನಾಹೀ.”

ನನ್ನ ಮಗಳು. ಬೆನ್ನಿಗೆ ಕಾಲೇಜಿನ ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಇವಳು ನನ್ನ ತಾಯಿ, ನನ್ನ ತಂದೆ ತೀರಿಕೊಂಡರು, ಇನ್ನೂ ವರ್ಷವಾಗಿಲ್ಲ ಎಂದು ಹೇಳುತ್ತಿದ್ದಳು. ಅವಳು ಮರಾಠಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು, ಇಲ್ಲಿಯ ಹುಡುಗಿಯರ ಹಾಗೆಯೇ ತಡೆಯಿಲ್ಲದೆ ಆಡುತ್ತಿದ್ದಳು. ನನ್ನ ತಂದೆ ತೀರಿಕೊಂಡರು ಎಂದು ಅವಳು ಬಾಯಿಬಿಟ್ಟು ಹೇಳಿದ್ದನ್ನು ಯಾವ ಭಾಷೆಯಲ್ಲಾದರೂ ಕೇಳಿದ್ದು ಅದೇ ಮೊದಲು. ಅವಳು ಬಂದು ನನ್ನ ರಟ್ಟೆ ಹಿಡಿದಳು. ಆ ಸೊಸೆಯ ಮುಖ ಒಮ್ಮೆಗೇ ಬಾಡಿತು. ಗೊತ್ತೇ ಇರಲಿಲ್ಲ, ನೀವು ಹೇಳಲೇ ಇಲ್ಲವಲ್ಲ ಎಂದು ನನ್ನ ಕೈ ಹಿಡಿದುಕೊಂಡರು. ಹಬ್ಬದ ತಟ್ಟೆ ಕೊಟ್ಟದ್ದು ಅವರಿಗೆ ನೆನಪಾಗಿರಬೇಕು.

ನಮ್ಮ ಮನೆಗೆ ಬಂದು ಬಾಗಿಲು ಮುಂದಕ್ಕೆ ಮಾಡಿದೆವು. ನಾಚಿಕೆಯಿಂದ ನನ್ನ ಕಿವಿ ಕಾದಿದ್ದವು. ನಾನು ಮುಖ ತೊಳೆದುಕೊಂಡು ಬಂದರೂ ಮಗಳು ಬ್ಯಾಗು ಇಳಿಸದೆ ನಿಂತೇ ಇದ್ದಳು.

“ಊರಾಗ ಯಾಕ ಹಿಂಗ ಅಳಲಿಲ್ಲ ನೀ?” ಅಂದಳು.

“ಬರಲಿಲ್ಲವಾ ನನಗ. ಒಬ್ಬರು ಎದ್ದು ಹೋಗೂದ್ರಾಗ ಇನ್ನೊಬ್ಬರು ಬರ್ತಿದ್ರು. ಅಳೂದು ಅಂದ್ರ ಒಂದು ನೌಕರಿ ಆಗಿತ್ತು” ಅಂದೆ. ದನಿ ನನಗೇ ಬೇಡವೆನ್ನುವಷ್ಟು ಬಿರುಸಾಗಿತ್ತು. “ನಿನಗೂ ಅನಸಿರಬೇಕು, ಅವ್ವ ಕಲ್ಲಿನಂಥಾಕಿ ಅಂತ. ಅನ್ನು, ಅಂದು ಬಿಡು ಒಮ್ಮೆ.”

“ನಾ ಹಂಗ ಅಂದಿಲ್ಲ.”

“ಮತ್ತ ಯಾಕ ಮಾತು ಬಿಟ್ಟಿ ನನ್ನ ಕೂಡ?”

ಅವಳು ಉತ್ತರ ಕೊಡುವಷ್ಟರಲ್ಲಿ ಬಾಗಿಲು ಸರಿಯಿತು. ಭೋರಿನ ಮುದುಕಿ. ತಲೆಯ ಮೇಲೆ ಸೆರಗು ಎಳೆದುಕೊಂಡು, ತಮ್ಮ ಮನೆಯ ಸೂತಕದಿಂದ ಎದ್ದು, ಮೊಣಕಾಲು ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದರು. ನಾನು ಎದ್ದು ಎದುರಿಗೆ ಹೋದೆ. ಬಂದವರ ಕೊರಳಿಗೆ ಮನೆಯಾಕೆ ಬೀಳಬೇಕಲ್ಲ. ಅವರು ನನ್ನ ತಲೆಯ ಮೇಲೆ ಕೈಯಾಡಿಸಿ, ನನ್ನನ್ನು ದಾಟಿ, ನೆಟ್ಟಗೆ ನನ್ನ ಮಗಳ ಹತ್ತಿರ ಹೋದರು. ಅವಳ ಬೆನ್ನಿನಿಂದ ಬ್ಯಾಗು ತೆಗೆದು ಕೆಳಗಿಟ್ಟರು. ಅವಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೇಳಿದರು: “ಕಸೇ ಗೇಲೇ ಗ, ಬಾಳಾ?”

ಹೇಗೆ ಹೋದರೇ, ಮಗಾ. ಅದೇ ಪ್ರಶ್ನೆ. ನಾನು ಕೇಳಿ ಕೇಳಿ ಶಪಿಸಿದ್ದ ಪ್ರಶ್ನೆ. ಊರಿನಲ್ಲಿ ಬಂದವರೆಲ್ಲ ಅದನ್ನು ನನ್ನನ್ನೇ ಕೇಳಿದ್ದರು. ನನ್ನ ಗಂಡ ಹೋದ ಹೊತ್ತಿನಲ್ಲಿ ಮನೆಯಲ್ಲಿದ್ದವಳು ಇವಳು. ಅಷ್ಟು ದಿನ ಅಷ್ಟು ಜನ ಬಂದರು, ಒಬ್ಬರೂ ಅಡುಗೆಮನೆಗೆ ಹೋಗಿ ಚಹಾ ಕುದಿಸುತ್ತಿದ್ದ ಈ ಹುಡುಗಿಯನ್ನು ಮಾತಾಡಿಸಲಿಲ್ಲ. ಹುಡುಗರಿಗೆ ಏನು ಕೇಳುವುದು ಎಂದು ಬಿಟ್ಟರು. ಮತ್ತು ನಾನು, ಅವಳನ್ನು ಹೆತ್ತವಳು, ನಾನೂ ಕೇಳಲಿಲ್ಲ. ನನಗೆ ಊರಿನ ಎದುರುಮನೆಯವರು ಹೇಳಿದ ಕತೆಯೇ ಸಾಕಾಗಿತ್ತು.

ಮಗಳು ನೆಲದ ಮೇಲೆ ಕೂತಳು. ಮುದುಕಿಯೂ ಅವಳ ಪಕ್ಕ ಕೂತರು. ಅವಳು ಮರಾಠಿಯಲ್ಲಿ ಹೇಳತೊಡಗಿದಳು. ಕಾರ್ಖಾನೆಯಲ್ಲಿ ಕಿವಿಗೆ ಬಿದ್ದ ನನ್ನ ಅರೆಬರೆ ಮರಾಠಿಯಲ್ಲಿ ನಾನು ಗೋಡೆಗೊರಗಿ ನನ್ನ ಗಂಡನ ಕೊನೆಯ ಹೊತ್ತನ್ನು ಕೇಳಿದೆ. ಊಟವಾದ ಮೇಲೆ ಎದೆಯಲ್ಲಿ ಉರಿ ಎಂದರಂತೆ. ಪಿತ್ತ ಆಗಿರಬೇಕು ಎಂದು ಮಜ್ಜಿಗೆ ಕೇಳಿದರಂತೆ, ಇವಳು ಮಾಡಿಕೊಟ್ಟಳು. ಅರ್ಧ ಕುಡಿದರು. ಬೆವರು ಬರತೊಡಗಿತು, ಇವಳು ಟವೆಲಿನಿಂದ ಒರೆಸಿದಳು. ಅವ್ವನಿಗೆ ಫೋನ್ ಮಾಡುತ್ತೇನೆ ಎಂದು ಮೊಬೈಲು ಕೈಗೆತ್ತಿಕೊಂಡಳು. ಅವರು ಇವಳ ಮಣಿಕಟ್ಟು ಹಿಡಿದರಂತೆ. ಅವರು ಕನ್ನಡದಲ್ಲಿ ಹೇಳಿದ್ದನ್ನು ಇವಳು ಮರಾಠಿಯಲ್ಲಿ ಹೇಳಿದಳು. “ಆಯೀಲಾ ಫೋನ್ ಕರೂ ನಕೋ. ತೀ ಘಾಬರತೇ.” ಅವ್ವನಿಗೆ ಫೋನ್ ಮಾಡಬೇಡ, ಅವಳು ಗಾಬರಿಯಾಗುತ್ತಾಳೆ. ಇವಳು ಫೋನ್ ಕೆಳಗಿಟ್ಟಳು. ಅವರು ಕೈ ಬಿಡಲಿಲ್ಲ. ಸ್ವಲ್ಪ ಹೊತ್ತು ಏನೋ ನಗೆಮಾತು ಆಡಿದರಂತೆ. ಆಮೇಲೆ ಕೈ ತಾನಾಗಿ ಸಡಿಲಾಯಿತು. ಆಗ ಇವಳು ಎದುರುಮನೆಗೆ ಓಡಿದಳು.

ಮುದುಕಿ ಅವಳ ಮಣಿಕಟ್ಟನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ನೀವುತ್ತ ಕೂತರು. ನಾನು ಅವರಿಬ್ಬರ ಎದುರಿಗೆ ನೆಲದ ಮೇಲೆ ಕೂತೆ. ಅಷ್ಟು ತಿಂಗಳು ಅವಳು ನನ್ನಿಂದ ಮುಖ ತಿರುಗಿಸಿಕೊಂಡದ್ದು ನನ್ನ ಮೇಲಿನ ಸಿಟ್ಟಿಗಲ್ಲ, ನನಗೆ ಹೆದರಿ. ಅವ್ವ ಒಂದು ದಿನ ಕೇಳುತ್ತಾಳೆ, ಯಾಕೆ ಫೋನ್ ಮಾಡಲಿಲ್ಲ ಎನ್ನುತ್ತಾಳೆ ಎಂದು ಆ ಕೂಸು ಕಾಯುತ್ತಿತ್ತು.

ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು: “ಅವ್ವಾ, ನಾ ಆಗಲೇ ಫೋನ್ ಮಾಡಿದ್ರ ಅಪ್ಪ ಉಳೀತಿದ್ನೇನು?”

“ಇಲ್ಲ” ಅಂದೆ. “ಇಲ್ಲವಾ. ಮಾಡಿದ್ರೂ ಇಷ್ಟ ಆಗ್ತಿತ್ತು.”

“ಖರೇನ?”

“ಖರೇನ.”

ಆಗ ಅವಳು ಅತ್ತಳು. ಅವಳ ಅಳುವಿನಲ್ಲಿ ರಾಗವಿರಲಿಲ್ಲ, ಮಾತಿರಲಿಲ್ಲ, ಉಸಿರು ಸಿಕ್ಕಿಕೊಂಡು ಸಣ್ಣ ಮಕ್ಕಳು ಅಳುವ ಅಳು. ನಾನು ಅವಳ ಕೊರಳಿಗೆ ಬಿದ್ದೆ. ಮುದುಕಿ ತುಸು ಹೊತ್ತು ಇದ್ದು, ನಾನು ತಲೆಯೆತ್ತುವಷ್ಟರಲ್ಲಿ ಏನೂ ಹೇಳದೆ ಎದ್ದು ಹೋಗಿದ್ದರು.

ನಾನು ಹೇಳಿದ್ದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಆ ದಿನ ಸುದ್ದಿ ತಿಳಿದು ನಾನು ಆಸ್ಪತ್ರೆಗೆ ಓಡಿದಾಗ ಡಾಕ್ಟರು ನನ್ನೆದುರಿಗೇ ನಿಂತಿದ್ದರು, ಇನ್ನೂ ಬೇಗ ಕರೆತಂದಿದ್ದರೆ ಉಳಿಯುತ್ತಿದ್ದರೇ ಎಂದು ಕೇಳಬಹುದಿತ್ತು, ಕೇಳಿರಲಿಲ್ಲ. ಈಗಲೂ ಊರಿಗೆ ಹೋದಾಗ ಬಸ್ಸು ಆ ಆಸ್ಪತ್ರೆಯ ಮುಂದೆಯೇ ನಿಲ್ಲುತ್ತದೆ. ಮಗಳು ನನ್ನ ಪಕ್ಕದಲ್ಲಿ ಕೂತು ಏನಾದರೊಂದು ಮಾತಾಡುತ್ತಿರುತ್ತಾಳೆ. ನಾನು ಇಳಿದು ಹೋಗಿ ಕೇಳುವುದಿಲ್ಲ.